ಗದ್ದ ಮೇಡಂಗೆ ಬಾರದ ಮೇಲ್

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತುಗಳೂ ಸರಿಯಾಗಿ ಕೂಡಿಬರುವುದಿಲ್ಲ. ಓದುವವರು ಮನ್ನಿಸಬೇಕು. ಅತ್ತೆಯ ಬಗ್ಗೆ ಯಾರಾದರೂ ಬರೆದಿಡಬೇಕು ಎನ್ನಿಸಿ ಬರೆಯುತ್ತಿದ್ದೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಫೋಟೊ ಸ್ಟುಡಿಯೊ ಇದೆ. ನಾನು ಅಲ್ಲೇ ಕೆಲಸ ಮಾಡುತ್ತೇನೆ. ಮುಂದೆ ಕಂಪ್ಯೂಟರ್, ಪ್ರಿಂಟರ್. ಕಪ್ಪು ಪರದೆಯ ಹಿಂದೆ ಒಂದು ಸ್ಟೂಲು, ದೀಪಗಳು. ಸ್ಟೂಲಿನ ಮೇಲೆ ಕೂತವರಿಗೆಲ್ಲ ಅವಳು, "ಗದ್ದ ಎತ್ತಿ. ಅಷ್ಟಲ್ಲ, ನನ್ನ ಮೇಲೆ ಜಗಳಕ್ಕೆ ಬಂದವರ ಹಾಗೆ ಕಾಣ್ತೀರ" ಎನ್ನುತ್ತಾಳೆ. ಹಾಗಾಗಿ ಬೀದಿಯವರಿಗೆಲ್ಲ ಅವಳು ಗದ್ದ ಮೇಡಂ.

ಯಾವುದೋ ಅರ್ಜಿಗೆಂದು ತೆಗೆಸಿಕೊಂಡದ್ದೇ ಎಷ್ಟೋ ಜನರ ಕೊನೆಯ ಫೋಟೊ. ಅವರು ಹೋದ ಮೇಲೆ ಮನೆಯವರು ಬಂದು, ದೊಡ್ಡದು ಮಾಡಿಕೊಡಿ ಎನ್ನುತ್ತಾರೆ. ಅದಕ್ಕೇ ಅತ್ತೆ ಒಂದನ್ನೂ ಅಳಿಸುವುದಿಲ್ಲ.

ಇವತ್ತು ಅವೆಲ್ಲ ಇರುವ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನತೊಡಗಿತು. ಪಕ್ಕದ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಅಣ್ಣ ಬಂದು ಕಿವಿಯಿಟ್ಟು ಕೇಳಿದ.

"ಮೇಡಂ, ಇದು ಹೊರಡೋ ತಯಾರಿಯಲ್ಲಿದೆ. ಹೊಸದು ತರಿಸೋವರೆಗೂ ಕಾಯಲ್ಲ. ಈಗಲೇ ಎಲ್ಲಾನೂ ಕ್ಲೌಡ್‌ಗೆ ಹಾಕಿಬಿಡಿ."

"ನಿನ್ನ ಬಾಯಲ್ಲಿ ಒಂದೂ ಒಳ್ಳೇ ಮಾತು ಬರಲ್ವಲ್ಲೋ!"

ಇಂಟರ್ನೆಟ್ಟಿನಲ್ಲಿ ಫೋಟೊ ಇಡಲು ಜಾಗ ಕೊಡುವ ಒಂದು ಕಂಪನಿಯಲ್ಲಿ ಸ್ಟುಡಿಯೊದ ಇಮೇಲ್ ಕೊಟ್ಟು ಖಾತೆ ತೆರೆಯಲು ಕೂತೆ. "ಮೇಲ್ ಕಳಿಸಿದ್ದೇವೆ, ಅದರಲ್ಲಿರುವ ಲಿಂಕ್ ಒತ್ತಿ" ಎಂದು ಬಂತು. ಮೇಲ್ ಮಾತ್ರ ಬರಲಿಲ್ಲ. ವಿಳಾಸವನ್ನು ಅಕ್ಷರ ಅಕ್ಷರ ಬೆರಳಿಟ್ಟು ಓದಿದೆ, ಸರಿಯಿತ್ತು. ಸ್ಪ್ಯಾಮ್‌ನಲ್ಲೂ ಇರಲಿಲ್ಲ. ಮತ್ತೆ ಕಳಿಸಿ ಎಂದು ಕೇಳಿದೆ. ಬೇರೆ ಕಂಪನಿಯಲ್ಲೂ ಹಾಗೇ ಆಯಿತು. ಆದರೆ ಅಣ್ಣ ನಗುತ್ತಾ ತನ್ನ ಫೋನಿನಿಂದ "ಹಾಯ್" ಎಂದು ಕಳಿಸಿದ್ದು ತಕ್ಷಣ ಬಂತು.

ಅವನ ನಗು ನಿಂತಿತು. "ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಅಂತ ಇರೋದನ್ನ ತೆರೆದು ನೋಡಮ್ಮ. ಯಾವ ಮೇಲ್ ಎಲ್ಲಿಗೆ ಹೋಗಬೇಕು ಅನ್ನೋ ನಿಯಮ ಅಲ್ಲಿರುತ್ತೆ."

ಅಲ್ಲಿ ನಾವ್ಯಾರೂ ಹಾಕದ ಒಂದು ನಿಯಮ ಇತ್ತು. ಖಾತೆ ದೃಢೀಕರಿಸುವ ಮೇಲ್ ಏನೇ ಬಂದರೂ ಗೊತ್ತಿಲ್ಲದ ಒಂದು ವಿಳಾಸಕ್ಕೆ ಹೋಗಬೇಕು, ಇಲ್ಲಿ ಅಳಿಸಿಹೋಗಬೇಕು. ಯಾರೋ ನಮ್ಮ ಇಮೇಲ್ ಕೊಟ್ಟು ಎಲ್ಲೆಲ್ಲೋ ಖಾತೆ ತೆರೆಯುತ್ತಿದ್ದಾರೆ, ಅದು ನಮಗೆ ಗೊತ್ತಾಗದಿರಲಿ ಎಂದು ಹೀಗೆ ಮಾಡಿದ್ದಾರೆ ಎಂದ ಅಣ್ಣ.

ಗಿರಾಕಿಗಳು ತಮ್ಮ ಫೋಟೊ, ಗುರುತಿನ ಚೀಟಿಗಳನ್ನು ಆ ಇಮೇಲಿಗೇ ಕಳಿಸಿ, ತಾವೇ ಕಂಪ್ಯೂಟರಿನ ಮುಂದೆ ಕೂತು ಹುಡುಕಿ ಪ್ರಿಂಟ್ ಕೊಡುತ್ತಾರೆ. ಅವರಿಗೆ ಸುಲಭವಾಗಲಿ ಎಂದು ಅತ್ತೆ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದ್ದಾಳೆ.

"ಇದೇನು ಮೇಡಂ, ಬಾಗಿಲಿಗೇ ಬೀಗದ ಕೈ ನೇತುಹಾಕಿದ ಹಾಗಿದೆ!"

"ಮುಚ್ಚಿಡೋಕೆ ನನ್ನ ಹತ್ರ ಏನೋ ಇದೆ? ಜನರ ಮುಖ ತಾನೇ."

ನಾನು ಆ ನಿಯಮವನ್ನು ಅಳಿಸಿದೆ. ಪುಟ ಮತ್ತೆ ತೆರೆದಾಗ ಅದು ಅಲ್ಲೇ ಇತ್ತು.

"ಸರಿಯಾಗಿ ಒತ್ತಿಲ್ಲ ಕಣೇ ನೀನು," ಎಂದಳು ಅತ್ತೆ.

ಮೂವರೂ ನೋಡುತ್ತಿರುವಾಗಲೇ ಮತ್ತೆ ಅಳಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

ಅಣ್ಣ ದನಿ ತಗ್ಗಿಸಿದ. "ಯಾರೋ ಈಗ, ಈ ಹೊತ್ತಲ್ಲೇ, ಒಳಗೆ ಕೂತಿದ್ದಾರೆ."

ಅತ್ತೆ ತಿರುಗಿ ಕಪ್ಪು ಪರದೆಯ ಕಡೆ ನೋಡಿದಳು. ನಾನೂ ನೋಡಿದೆ. ಅಲ್ಲಿ ಸ್ಟೂಲು ಮಾತ್ರ ಇದೆ ಎಂದು ಗೊತ್ತಿದ್ದೂ ನೋಡಿದೆ.

ಪಾಸ್‌ವರ್ಡ್ ಬದಲಿಸಲು ಹೋದರೆ, ಫೋನಿಗೆ ಕಳಿಸಿದ ಸಂಖ್ಯೆ ಹಾಕಿ ಎಂದಿತು. ತೋರಿಸಿದ ಕೊನೆಯ ಅಂಕಿಗಳು ಅತ್ತೆಯ ಫೋನಿನವಲ್ಲ; ಒಳಗೆ ಕೂತವರು ತಮ್ಮ ನಂಬರ್ ಹಾಕಿಕೊಂಡಿದ್ದರು.

"ಅಷ್ಟು ಜನರ ಮುಖ... ನನ್ನನ್ನ ನಂಬಿ ಕೊಟ್ಟಿದ್ದು ಕಣೇ," ಎಂದಳು. ಗೋಡೆಯ ಚೀಟಿಯನ್ನು ಕಿತ್ತು, ಹರಿದು, ತುಂಡುಗಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತಳು.

ಈಗ ತನ್ನ ಫೋನ್ ತರಲು ಮನೆಗೆ ಹೋಗಿದ್ದಾಳೆ. ಡಿಸ್ಕಿನ ಸದ್ದು ಜೋರಾದ್ದರಿಂದ ಕಂಪ್ಯೂಟರ್ ಆರಿಸಿದ್ದೇನೆ. ಮತ್ತೆ ಹಾಕಿದಾಗ ಅದು ಏಳುತ್ತದೋ ಇಲ್ಲವೋ ಗೊತ್ತಿಲ್ಲ. ಅತ್ತೆ ಬಂದ ಕೂಡಲೇ ಅವಳ ನಂಬರಿನಲ್ಲಿ ಹೊಸ ಇಮೇಲ್ ಮಾಡಿ, ಅದರಲ್ಲಿ ಖಾತೆ ತೆರೆದು, ಡಿಸ್ಕ್ ಎದ್ದರೆ ಮೊದಲು ತೀರಿಹೋದವರ ಫೋಟೊಗಳನ್ನು ಹಾಕುತ್ತೇನೆ.