ಸದ್ದಿಲ್ಲದ ಕುಸ್ತಿ

ನಾನಾಗ ನರಸೀಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಹಿಟ್ಟಿನ ಗಿರಣಿಯ ಮಾದಪ್ಪನವರು ಊರಿನ ಕುಸ್ತಿಗಳಿಗೆಲ್ಲ ಮೈಕ್ ಹಿಡಿದು ಕಾಮೆಂಟ್ರಿ ಹೇಳುವವರು. ತಮ್ಮ ಹಳೇ ಕಂಪ್ಯೂಟರಿಗೆ ಕುಸ್ತಿ ಗೇಮ್ ಹಾಕಿಕೊಡಿ ಅಂದರು. ಡಿಸ್ಕಿನಲ್ಲಿ ಜಾಗ ಕಮ್ಮಿ. ಟೀವಿ ಗೇಮನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್ ಹಾಕಿ, ಹಿಂಡಿ ಹಿಪ್ಪೆ ಮಾಡಿದ ಗೇಮ್ ಫೈಲೊಂದನ್ನು ತುಂಬಿದೆ. ಜಾಗ ಉಳಿಸಲು ಅದನ್ನು ಹಿಂಡಿದವರು ಅದರಲ್ಲಿದ್ದ ಹಾಡು, ಮಾತು, ಜನರ ಕೂಗು ಎಲ್ಲ ಕಿತ್ತುಹಾಕಿದ್ದರು.

ಪರದೆಯ ಮೇಲೆ ಪೈಲ್ವಾನ್ ದೊಪ್ಪನೆ ಬಿದ್ದ. ಸದ್ದೇ ಇಲ್ಲ.

"ಏನ್ ಸಾ, ಸಾವಿನ್ ಮನೆ ಇದ್ದಂಗದಲ್ಲ!"

ನಾನು ಬೈಸಿಕೊಳ್ಳಲು ತಯಾರಾದೆ. ಅವರು ಗಂಟಲು ಸರಿಮಾಡಿಕೊಂಡು ಶುರು ಹಚ್ಚಿದರು: "ನೋಡ್ರಪ್ಪೋ, ಕೆಂಪು ಚಡ್ಡಿ, ಕವಲಂದೆ ಹುಲಿ, ಎತ್ತೇಬುಟ್ಟ!" ಬೀದಿಯವರೆಲ್ಲ ಕಿಟಕಿಗೆ ಬಂದು ಶಿಳ್ಳೆ ಹೊಡೆದರು.

ಮುಂದಿನ ವಾರ ದೊಡ್ಡ ಡಿಸ್ಕನ್ನೂ ಸದ್ದಿರುವ ಪೂರ್ತಿ ಗೇಮನ್ನೂ ಹೊತ್ತು ಹೋದೆ. ಮಾದಪ್ಪನವರು ಎರಡು ನಿಮಿಷ ಕೇಳಿ ಮುಖ ಸಿಂಡರಿಸಿದರು.

"ತೆಗೀರಿ ಸಾ. ಎಲ್ಲಾ ಅದೇ ಮಾತಾಡ್ಬುಟ್ರೆ ನಾನೇನ್ ಮಾಡ್ಲಿ?"