ಹರಿಯದ ಕಾಲುವೆಯ ದಂಡೆಯಲ್ಲಿ

ಹೋದ ವರ್ಷ ಮಗಳ ಬಾಣಂತನಕ್ಕೆಂದು ಬೂದಿಗೆರೆಯಿಂದ ಜರ್ಮನಿಗೆ ಹೋಗಿದ್ದೆ. ಮಗಳು ಅಲ್ಲಿ ನರ್ಸ್. ಮೆಣಸು, ಜೀರಿಗೆ, ಸಾಂಬ್ರಾಣಿ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಸಾಂಬ್ರಾಣಿ ಹೊಗೆಗೆ ಮನೆಯ ಅಲಾರಂ ಬಾಯಿ ಬಡಿದುಕೊಂಡಿದ್ದು ಬೇರೆ ಕಥೆ.

ಅವರದು ಕಾಲುವೆಯ ಎರಡೂ ದಂಡೆಗೆ ಉದ್ದಕ್ಕೆ ಹಬ್ಬಿದ ಪುಟ್ಟ ಊರು. ಮೊದಲು ಅಲ್ಲಿ ಬರೀ ಜೌಗು ನೆಲವಿತ್ತಂತೆ. ನೀರು ಬಸಿಯಲೆಂದು ಜನ ಗುದ್ದಲಿ ಹಿಡಿದು ಕಾಲುವೆ ತೋಡಿದರಂತೆ, ದಂಡೆಯಲ್ಲಿ ಮನೆ ಕಟ್ಟಿದರಂತೆ, ಹುಲ್ಲುಬೇರು ಕೊಳೆತು ಆದ ಅಲ್ಲಿನ ಮಣ್ಣನ್ನೇ ಕಡಿದು ಒಣಗಿಸಿ, ದೋಣಿಯಲ್ಲಿ ಸಾಗಿಸಿ ಸೌದೆಯ ಹಾಗೆ ಮಾರಿದರಂತೆ. ಅಳಿಯ ಹೇಳಿದರೂ, ಮಣ್ಣು ಉರಿಯುತ್ತದೆ ಅನ್ನುವುದನ್ನು ನಾನು ನಂಬಲಿಲ್ಲ.

ನಮ್ಮಲ್ಲಾದರೆ ಕೂಸನ್ನು ಅಷ್ಟು ಬೇಗ ಹೊಸಿಲು ದಾಟಿಸುವುದಿಲ್ಲ. ಅಲ್ಲಿ ದಿನಾ ಗಾಳಿಗೆ ಕರೆದೊಯ್ಯಬೇಕು. ಒಂದು ಸಂಜೆ ಮಗಳು ಮಲಗಿದ್ದಾಗ ಎರಡು ತಿಂಗಳ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೊರಟೆ. ಫೋನು ಅಡುಗೆಮನೆಯಲ್ಲೇ ಉಳಿಯಿತು. ತಿರುಗಿ ಬರುವಾಗ, ಎರಡು ಕಾಲುವೆ ಕೂಡುವ ಕಡೆ ದಾರಿ ತಿಳಿಯದೆ ನಿಂತೆ. ನಮ್ಮ ಕಡೆ ಊರಿರುವುದು ಕೆರೆಯ ಕೆಳಗೆ. ನೀರು ಹರಿದತ್ತ ನಡೆದರೆ ಮನೆಗಳು ಸಿಕ್ಕೇ ಸಿಗುತ್ತವೆ. ಒಂದು ಎಲೆ ಕಿತ್ತು ನೀರಿಗೆ ಹಾಕಿದೆ. ಅದು ಬಲಕ್ಕೆ ಹೋಯಿತು. ನಾನೂ ಹೋದೆ.

ನಡೆದಷ್ಟೂ ಹುಲ್ಲುಗಾವಲು, ಒಂದು ಮನೆಯಿಲ್ಲ. ಮಗು ಎದ್ದು ಹಾಲಿಗೆ ಅಳತೊಡಗಿತು. ತಾಯಿಯ ಹಾಲು ಬಿಟ್ಟು ಬೇರೇನೂ ಕಾಣದ ಕೂಸು. ಗಾಡಿಯನ್ನು ಇನ್ನೂ ಬೇಗ ತಳ್ಳಿದೆ. ಎದುರಿಗೆ ದೊಡ್ಡ ಮರದ ಗೇಟು ಕಂಡಿತು. ಅದರಾಚೆ ನೀರು ಎತ್ತರದಲ್ಲಿ ನಿಂತಿತ್ತು. ಅಯ್ಯೋ ದೇವರೇ, ಇಳಿಯುವ ಬದಲು ಏರಿ ಬಂದಿದ್ದೇನೆ!

ಗೇಟಿನಾಚೆ, ಇನ್ನೊಂದು ಗೇಟಿನವರೆಗೆ ತೊಟ್ಟಿಯ ಹಾಗೆ ಕಟ್ಟಿದ ಜಾಗದಲ್ಲಿ, ಒಂದು ದೋಣಿಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಊರಿನ ಹೆಸರಿಗೆ ನನ್ನ ನಾಲಿಗೆ ಹೊರಳದು. ಊರ ಚರ್ಚು ನೆನಪಾಗಿ, ಎರಡೂ ಕೈಯನ್ನು ಗೋಪುರದ ಹಾಗೆ ಎತ್ತಿ “ಟಣ್ ಟಣ್” ಅಂದೆ. ಆಕೆ ನಕ್ಕು, ಗಾಡಿ ಸಮೇತ ನಮ್ಮನ್ನು ಹತ್ತಿಸಿಕೊಂಡರು. ಗೇಟಿನ ಕಿಂಡಿಯಿಂದ ನೀರು ಹೊರಹೋಗಿ ಇಳಿದಂತೆ ದೋಣಿಯೂ ಇಳಿಯಿತು, ಎರಡೂ ಕಡೆ ಗೋಡೆ ಎದ್ದು ನಿಂತಿತು. ಬಾವಿಗೆ ಬಿದ್ದೆವು ಅಂತ ಕಣ್ಣು ಮುಚ್ಚಿದೆ. ತೆರೆದಾಗ ಗೇಟು ಬಿಚ್ಚಿಕೊಂಡಿತ್ತು, ದೂರದಲ್ಲಿ ಗೋಪುರ ಕಾಣುತ್ತಿತ್ತು. ಹೋದ ಜೀವ ಬಂತು.

ಸೇತುವೆಯ ಮೇಲೆ ಅಳಿಯ ಗಾಬರಿಯಿಂದ ಹುಡುಕುತ್ತಿದ್ದರು. ನಾನು ಹೇಳಿದ್ದು ಕೇಳಿ, “ಅತ್ತೆ, ಈ ಕಾಲುವೆ ಹರಿಯಲ್ಲ, ಗೇಟ್ ಹಾಕಿ ನಿಲ್ಸಿರ್ತಾರೆ. ನಿಮ್ ಎಲೇನ ತಳ್ಳಿದ್ದು ಗಾಳಿ” ಅಂದರು.

ಮಗಳು ಮನೆಯ ಬಾಗಿಲಲ್ಲೇ ಕಾದಿದ್ದಳು. ಕೂಸನ್ನು ಕಸಿದುಕೊಂಡು ಹಾಲು ಕುಡಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇನ್ನು ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ ಅಂತ ರಾತ್ರಿಯೆಲ್ಲ ಹೊರಳಾಡಿದೆ.

ಮರುದಿನ ಸಂಜೆ ಅವಳೇ ಮಗುವಿಗೆ ಟೋಪಿ ಹಾಕಿ, ಗಾಡಿಯಲ್ಲಿ ಮಲಗಿಸಿ ನನ್ನ ಮುಂದೆ ತಂದು ನಿಲ್ಲಿಸಿದಳು. “ಹೊತ್ತು ಮುಳುಗೋಷ್ಟ್ರಲ್ಲಿ ಒಂದ್ ಸುತ್ತು ಹೋಗ್ಬಿಟ್ಟು ಬಾಮ್ಮ” ಅಂದಳು. ಅಲ್ಲಿಯವರೆಗೂ ಬಾರದ ಅಳು ಆಗ ಬಂತು.