ಹಾರಿಹೋದ ಹಕಾರ

ಬರೆಯುವಾಗ ನನ್ನ ಹಕಾರ ಎಲ್ಲೂ ತಪ್ಪುವುದಿಲ್ಲ. ಬಾಯಿ ತೆರೆದರೆ ಸಾಕು, ಹಾರಿಹೋಗುತ್ತದೆ. ನಾನು ಹುಟ್ಟಿದ ಹೊನ್ನೂರು ಕಡೆ ಹಾಲು ಅಂದರೆ ಆಲು, ಹೂವು ಅಂದರೆ ಊವು. ಅದರಿಂದ ಯಾವ ಹಸುವೂ ಹಾಲು ಕೊಡುವುದನ್ನು ನಿಲ್ಲಿಸಿಲ್ಲ. ಆದರೂ ಆ ಒಂದು ಅಕ್ಷರ ನನ್ನ ಬಾಯಿಗೆ ಮೂವತ್ತು ವರ್ಷ ಬೀಗ ಜಡಿದಿತ್ತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ಸ್ವಾಗತ ಭಾಷಣ ನನ್ನ ಪಾಲಿಗೆ ಬಂತು. ಕನ್ನಡ ಮೇಷ್ಟರು ಬೇರೆ ಊರಿನವರು. 'ಹ' ಅನ್ನು, 'ಹ' ಅನ್ನು ಎಂದು ದಿನವೂ ಬೆಂಚಿನ ಮೇಲೆ ನಿಲ್ಲಿಸಿ ತಿದ್ದಿದರು. ನಾನು ಗದ್ದೆ ಬದುವಿನ ಮೇಲೆ ಓಡಾಡುತ್ತ, ಸಿಕ್ಕಸಿಕ್ಕ ಮಾತಿಗೆಲ್ಲ ಹಕಾರ ಅಂಟಿಸಿಕೊಂಡು ಬಾಯಿಪಾಠ ಮಾಡಿದೆ. ಆ ದಿನ ವೇದಿಕೆ ಹತ್ತಿ ಕೈಮುಗಿದು, "ತಮಗೆಲ್ಲರಿಗೂ ಹಾದರದ ಸ್ವಾಗತ" ಎಂದೆ. ಆದರದ ಎನ್ನಬೇಕಿತ್ತು.

ಶಾಮಿಯಾನ ಹಾರಿಹೋಗುವಂತೆ ನಕ್ಕರು. ಹುಡುಗರು ನಗಲಿ, ಅವರಿಗೆ ಬುದ್ಧಿಯಿಲ್ಲ. ಮೇಷ್ಟರು ಮೈಕಿನ ಹತ್ತಿರ ಬಂದು, "ಇವಳ ಮನೇಲಿ ಬಂದವರಿಗೆ ಅದೇ ಸ್ವಾಗತ ಅಂತ ಕಾಣುತ್ತೆ" ಎಂದರಲ್ಲ! ಕೆಳಗೆ ಕೂತಿದ್ದ ನನ್ನವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಪಾಠ ಹೇಳುವ ಬಾಯಲ್ಲಿ ಬರುವ ಮಾತೇ ಅದು? ಶಾಲೆ ಬಿಡುವವರೆಗೂ ಹುಡುಗರು ನನ್ನನ್ನು 'ಆದರಗಿತ್ತಿ' ಎಂದೇ ಕೂಗಿದರು. ಅವರಿಗೂ ಹಕಾರ ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಮದುವೆಯಾಗಿ ಹನೂರು ತಾಲ್ಲೂಕಿಗೆ, ರಾಮಾಪುರದಾಚೆ ಕಾಡಂಚಿನ ಊರಿಗೆ ಬಂದೆ. ಹೆಂಗಸರ ಸಂಘಕ್ಕೆ ಅಧ್ಯಕ್ಷೆಯಾಗು ಎಂದರು. ನಂಗೆ ಮಾತು ಬರಲ್ಲ ಎಂದೆ. ಮಗಳ ಕಾಲೇಜಿನಲ್ಲಿ ತಂದೆತಾಯಿಯರ ಸಭೆ ಇದ್ದರೆ ಯಜಮಾನರನ್ನು ಕಳಿಸಿದೆ. ಮನೆಯೊಳಗೆ ಮಾತ್ರ ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. "ಮನೇಲಿ ಉಲಿ, ಬೀದೀಲಿ ಇಲಿ" ಎಂದು ಯಜಮಾನರು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಇಲಿಯಾಗಿಯೇ ಸಾಯುತ್ತೇನೆಂದು ನಂಬಿದ್ದೆ.

ಹೋದ ವರ್ಷ ಕೊಳ್ಳೇಗಾಲದಿಂದ ಬರುವ ಸಂಜೆ ಬಸ್ಸು ಊರೊಳಗೆ ಬರುವುದನ್ನು ನಿಲ್ಲಿಸಿತು. ಕಾಲೇಜಿನ ಹುಡುಗಿಯರನ್ನು ಮೇನ್ ರೋಡಿನಲ್ಲೇ ಇಳಿಸಿ ಹೋಗುತ್ತಿದ್ದರು. ಅಲ್ಲಿಂದ ಊರಿಗೆ ಕಾಡಿನ ಪಕ್ಕದ ದಾರಿ, ಮಬ್ಬುಗತ್ತಲೆಯಲ್ಲಿ ಆನೆ ದಾಟುವ ಜಾಗ. ಒಂದು ಸಂಜೆ ನನ್ನ ಮಗಳೂ ಅವಳ ಗೆಳತಿಯರೂ ಒಂಟಿ ಆನೆ ಕಂಡು ಚಪ್ಪಲಿ ಬಿಟ್ಟು ಓಡಿಬಂದರು. ಎರಡು ಮನೆಯವರು ಮಾರನೆಯ ದಿನವೇ ಮಕ್ಕಳ ಕಾಲೇಜು ಬಿಡಿಸಿದರು. "ನಮ್ಮೋಳ್ನೂ ಬುಡಿಸ್ಬುಡವಾ" ಎಂದರು ಯಜಮಾನರು. ಮಗಳು ಅಳುತ್ತ ನನ್ನ ಮುಖ ನೋಡಿದಳು.

ಊರವರ ಅರ್ಜಿ ಮೇಲೆ ಬಸ್ಸಿನ ಸಾಹೇಬರೊಬ್ಬರು ಗ್ರಾಮಸಭೆಗೆ ಬಂದರು. ರಸ್ತೆ ಸರಿಯಿಲ್ಲ, ಬಸ್ಸು ಬರಲ್ಲ ಎಂದರು. ಗಂಡಸರು "ನೀವೆಂಗೇಳಿದ್ರೆ ಅಂಗೆ ಸಾ" ಎಂದು ಕೈಕಟ್ಟಿ ನಿಂತರು. ಮೀಸೆಗೇನೂ ಕಮ್ಮಿಯಿರಲಿಲ್ಲ! ಸಾಹೇಬರು ಹೊರಡಲು ಎದ್ದಾಗ ನಾನೂ ಎದ್ದೆ. ಹೇಳಬೇಕಾದ ಮೊದಲ ಮಾತೇ ಆನೆ. ಆನೆಯೋ, ಹಾನೆಯೋ?

"ಸಾ, ಆನೆ ಬತ್ತದೆ. ನಮ್ ಎಣ್ಣೈಕ್ಳು ಎಂಗೆ ಓಡಾಡ್ಬೇಕು?"

ಸಾಹೇಬರು ನಕ್ಕರು. "ಎಣ್ಣು ಅಲ್ಲಮ್ಮ, ಹೆಣ್ಣು. ಮೊದಲು ಸರಿಯಾಗಿ ಮಾತಾಡೋದು ಕಲೀರಿ."

ಅದೇ ನಗು. ಅವ್ವನನ್ನು ಎಬ್ಬಿಸಿ ಕಳಿಸಿದ ನಗು. ಈ ಸಲ ನಾನು ನೆಲ ನೋಡಲಿಲ್ಲ, ಸಿಟ್ಟು ನೆತ್ತಿಗೇರಿತ್ತು.

"ಆ ಅಕ್ಸರ ನಿಮ್ತಾವೇ ಮಡಿಕಳಿ ಸಾ! ನಾನೇಳಿದ್ದು ಅರ್ತವಾಗ್ದೆ ತಿದ್ದುದ್ರಾ? ಅರ್ತವಾಯ್ತಲ್ಲ, ಬಸ್ ಯಾವತ್ತು ಬತ್ತದೆ, ಅದ್ನೇಳಿ!"

ಸಾಹೇಬರ ನಗು ನಿಂತಿತು. "ಅಂಗ್ ಕೇಳವ್ವ!" ಎಂದಳು ಹಿಂದೆ ಕೂತಿದ್ದ ಒಬ್ಬ ಮುದುಕಿ. ಹೆಂಗಸರೆಲ್ಲ ಹೋಗಿ ಅವರ ಜೀಪಿನ ಮುಂದೆ ಕೂತೆವು. ಸಾಹೇಬರು ಅಲ್ಲೇ ನಿಂತು ಫೋನು ಮಾಡಿ, ಸೋಮವಾರದಿಂದ ಬಸ್ಸು ಬರುತ್ತದೆ ಎಂದು ಒಪ್ಪಿಕೊಂಡ ಮೇಲೆಯೇ ದಾರಿ ಬಿಟ್ಟೆವು.

ಸೋಮವಾರ ಸಂಜೆ ಬಸ್ಸು ಊರೊಳಗೆ ಬಂತು. ಮಗಳು ಜಿಗಿದು ಇಳಿದಳು. ಕಂಡಕ್ಟರಿಗೆ ಹೂವು ಕೊಟ್ಟು, "ನಿಮ್ಗೆ ಆದರದ ಸ್ವಾಗತ ಕಣಪ್ಪ" ಎಂದೆ.

ಮಾತು ಸಲೀಸಾಗಿ ಬಂತು. ಆಗಲೇ ಹೊಳೆದದ್ದು: ಆ ಪದದಲ್ಲಿ ಹಕಾರವೇ ಇಲ್ಲ. ನನ್ನ ಪಾಡಿಗೆ ನನ್ನನ್ನು ಬಿಟ್ಟಿದ್ದರೆ, ಅವ್ವನ ಎದುರು ಅವತ್ತೂ ಸರಿಯಾಗಿಯೇ ಹೇಳುತ್ತಿದ್ದೆ.